ಭೀಮಶಾ ತಲೆಯಿಡದ ದಿಂಬು

ತಾಂಡೂರಿನಲ್ಲಿ ನಿದ್ದೆಗೆಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಸೊಳ್ಳೆಯಿಂದ ಎದ್ದು ಕೂತವರಿದ್ದಾರೆ, ಪಕ್ಕದ ಮನೆಯ ಟಿವಿಯಿಂದ ಎದ್ದು ಕೂತವರಿದ್ದಾರೆ, ಸುಮ್ಮನೆ ಅಭ್ಯಾಸ ಬಲದಿಂದ ಕೂತವರೂ ಇದ್ದಾರೆ. ಇವರೆಲ್ಲ ಮರುದಿನ ಎಲ್ಲಾದರೂ ಒಂದು ಕಂಬಕ್ಕೆ ಒರಗಿ ಆ ನಷ್ಟ ತುಂಬಿಕೊಳ್ಳುತ್ತಾರೆ. ನಮ್ಮ ಭೀಮಶಾನಿಗೆ ಮಾತ್ರ ಆ ಭಾಗ್ಯವೂ ಇರಲಿಲ್ಲ. ಅವನು ಒರಗಿದ ಕೂಡಲೇ ಒಂದು ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು. ಏಕೆಂದರೆ ಅವನ ಕೆಲಸವೇ ಕರಣಕೋಟ ರಸ್ತೆಯ ಕಾಂಟಾದಲ್ಲಿ ಕೂತು, ಕಲ್ಲುಚಪ್ಪಡಿ ಹೊತ್ತು ಬರುವ ಲಾರಿಗಳನ್ನು ತೂಗುವುದು.

ಒಂದು ಮಧ್ಯಾಹ್ನ ಲಾರಿ ಕಾಂಟಾದ ಮೇಲೆ ನಿಂತಿತ್ತು. ಭೀಮಶಾನ ಹಣೆ ಮೆಲ್ಲಗೆ ಬಾಗಿ ಕೀಬೋರ್ಡಿನ ಒಂಬತ್ತರ ಮೇಲೆ ಕೂತಿತು. ಹೊರಬಂದ ಚೀಟಿಯ ತುಂಬ ಒಂಬತ್ತುಗಳು ಸಾಲುಗಟ್ಟಿ ನಿಂತಿದ್ದವು. ಆ ಚೀಟಿಯನ್ನು ನಂಬುವುದಾದರೆ ಲಾರಿಯಲ್ಲಿದ್ದದ್ದು ಕಲ್ಲಲ್ಲ, ಇಡೀ ಗುಡ್ಡ. ಮ್ಯಾನೇಜರ್ ಶಿವರಾಜ ಚೀಟಿ ಹಿಡಿದುಕೊಂಡು ಒಳಗೆ ಬಂದ. ಅವನು ಸಿಟ್ಟಿಗೆದ್ದಾಗ ಧ್ವನಿ ಇಳಿಸುವ ಜಾತಿಯವನು.

"ಭೀಮಶಾ, ಮನಷ್ಯಾ ಛಲೋ ಇದ್ದಿ. ಅದಕ್ಕ ಈ ಸಲ ಬಿಟ್ಟೀನಿ. ಇನ್ನೊಂದ್ ಸಲ ಕಾಂಟಾದ ಮುಂದ ಕಣ್ಣ ಮುಚ್ಚಿದ್ರ, ಆಮ್ಯಾಲ ಮನ್ಯಾಗೇ ಕೂತು ಮುಚ್ಚಬೇಕಾಗ್ತದ."

ಭೀಮಶಾ ತಲೆಯಾಡಿಸಿದ. ಮೇಲಕ್ಕೆ, ಕೆಳಕ್ಕೆ. ಅವನ ತಲೆ ಆಗ ಆಡುತ್ತಿದ್ದದ್ದೇ ಹಾಗೆ. ಬೆಳಿಗ್ಗೆ ಎದ್ದರೆ ಕುತ್ತಿಗೆ ಹಿಡಿದುಕೊಂಡು ಎಡಕ್ಕೂ ಬಾರದು, ಬಲಕ್ಕೂ ಬಾರದು. ಅಂದರೆ ಹೌದೆನ್ನಲು ಅಡ್ಡಿ ಇರಲಿಲ್ಲ, ಇಲ್ಲವೆನ್ನಲು ಆಗುತ್ತಿರಲಿಲ್ಲ. ಈ ಸಂಗತಿಯನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಭೀಮಶಾನ ಸತ್ಯಾನಾಶ ಆದದ್ದು ಇದರಿಂದಲೇ.

ಇಷ್ಟಕ್ಕೂ ಕಾರಣ ಅವನ ತಲೆಯ ಕೆಳಗಿತ್ತು. ಅದೊಂದು ಕರಿ ಕಂಬಳಿ. ಮದುವೆಯಲ್ಲಿ ಮಾವ ಅಮೋಘಸಿದ್ದ ಕೊಟ್ಟದ್ದು. ಮಾವ ನಾರಾಯಣಖೇಡದ ಕಡೆಯ ಕುರಿಗಾರ. ತನ್ನ ಕುರಿಯ ಉಣ್ಣೆಯನ್ನು ತಾನೇ ಕತ್ತರಿಸಿ, ಮುಂದೆ ಕೂತು ನೇಯಿಸಿ, ಅಳಿಯನ ಹೆಗಲಿಗೆ ಹೊದಿಸಿದ್ದ. ಅಳಿಯ ಕುರಿ ಬಿಟ್ಟು ಕಾಂಟಾ ಹಿಡಿದದ್ದು ಅವನಿಗೆ ಈವತ್ತಿಗೂ ನುಂಗಲಾರದ ತುತ್ತು. ಮನೆಗೆ ಬಂದರೆ ಮೊದಲು ಕಂಬಳಿಯ ಯೋಗಕ್ಷೇಮ ಕೇಳುತ್ತಿದ್ದ, ಆಮೇಲೆ ಮಗಳದು. ಆ ಕಂಬಳಿಯನ್ನು ಮಡಿಸಿ ತಲೆಗಿಟ್ಟುಕೊಂಡರೆ ಬೇಸಿಗೆಯಲ್ಲಿ ಒಲೆಯ ಮೇಲೆ ಕಿವಿ ಇಟ್ಟಂತೆ ಕಾಯುತ್ತಿತ್ತು, ಉಳಿದ ಕಾಲದಲ್ಲಿ ಚುಚ್ಚುತ್ತಿತ್ತು. ಮನೆಯಲ್ಲಿದ್ದ ಹಳೆಯ ಬೂರುಗದ ಹತ್ತಿಯ ದಿಂಬು ಗಂಟುಗಟ್ಟಿತ್ತು. ತಾಂಡೂರಿನ ಕಲ್ಲು ತಂಪೆಂದು ಒಂದು ಸಲ ಚಪ್ಪಡಿಯ ತುಂಡನ್ನೇ ತಲೆಗಿಟ್ಟುಕೊಂಡು ನೋಡಿದ. ತಂಪೇನೋ ಆಯಿತು, ಆದರೆ ಎರಡು ದಿನ ಒಂದು ಕಿವಿ ಕೇಳಲಿಲ್ಲ.

ಕಡೆಗೆ ಒಬ್ಬ ಲಾರಿ ಡ್ರೈವರನ ಮಾತು ಕೇಳಿ ಭೀಮಶಾ ಜಹೀರಾಬಾದಿಗೆ ಹೋದ. ಬೊಂಬಾಯಿ ರಸ್ತೆಗೆ ಹತ್ತಿದಂತೆ ಧಮ್ಮಪಾಲನ ಹಾಸಿಗೆ ಅಂಗಡಿ. ಧಮ್ಮಪಾಲ ಗಿರಾಕಿಯ ಮುಖ ನೋಡಲಿಲ್ಲ, ಕುತ್ತಿಗೆ ನೋಡಿದ.

"ಬರ್ರಿ, ಕೂಡ್ರಿ. ನಿಮ್ಮ ಪರೇಶಾನಿ ತಿಳೀತು. ಇದು ಫೈಬರ್. ಈವತ್ತ ಹೂವಿನಂಗ ಇರ್ತದ, ಮುಂದಿನ ತಿಂಗಳ ಹಪ್ಪಳ ಆಗ್ತದ. ಇದು ಮೆಮೊರಿ ಫೋಮ್. ನಿಮ್ಮ ತೆಲಿ ಹೆಂಗದ ಅಂತ ನೆಪ್ಪ ಇಟ್ಕೋತದ."

"ಅದು ಬ್ಯಾಡ್ರಿ," ಎಂದ ಭೀಮಶಾ. "ನನ್ನ ತೆಲಿ ನನಗೇ ಮರ್ತ್ ಹೋದ್ರ ಸಾಕಾಗ್ಯದ."

"ಮತ್ತ ಬ್ಯಾಸಗ್ಯಾಗ ಅದು ಕಾಯ್ತದ ಬಿಡ್ರಿ. ಇದು ನೋಡ್ರಿ, ಅಸಲಿ ಲ್ಯಾಟೆಕ್ಸ್. ರಬ್ಬರ್ ಗಿಡದ ಹಾಲು. ಹಾಲಿನ್ನ ನೊರಿ ಮಾಡಿ ಬೇಸಿರ್ತಾರ. ಮೈತುಂಬ ತೂತು ಅವ, ಗಾಳಿ ಆಡ್ತದ, ತಂಪಿರ್ತದ. ಒತ್ತಿ ಬಿಡ್ರಿ ಜರಾ."

ಭೀಮಶಾ ಒತ್ತಿದ. ದಿಂಬು ತಗ್ಗಿತು. ಕೈ ತೆಗೆದ. ಅದು ಅವಸರವಿಲ್ಲದೆ ಮೇಲೆದ್ದು ಮೊದಲಿನಂತೆ ಕೂತಿತು. ಇಷ್ಟು ಮರ್ಯಾದೆಯಿಂದ ಅವನೊಡನೆ ಯಾರೂ ನಡೆದುಕೊಂಡಿರಲಿಲ್ಲ.

"ಎತ್ತರ ಯಾವ್ದು ಕೊಡ್ಲಿ? ಮಗ್ಗಲಾಗಿ ಮಕ್ಕೊಳ್ಳೋರಿಗಿ ಎತ್ತರದ್ದು, ಅಂಗಾತ ಮಕ್ಕೊಳ್ಳೋರಿಗಿ ನಡು ಎತ್ತರದ್ದು, ಬೋರಲ ಬೀಳೋರಿಗಿ ತಗ್ಗಿಂದು. ನೀವು ಹೆಂಗ ಮಕ್ಕೋತೀರಿ?"

ನಿದ್ದೆಯನ್ನೇ ಮಾಡದ ಮನುಷ್ಯನಿಗೆ ಅದು ಗೊತ್ತಿರುವುದು ಹೇಗೆ? ಭೀಮಶಾ ಹೆಂಡತಿ ಭವಾನಿಗೆ ಫೋನು ಹಚ್ಚಿದ. ಹಿಡಿದ ಕುತ್ತಿಗೆಗೆ ಫೋನು ತಾಗಿದರೂ ನೋವೆಂದು ಸ್ಪೀಕರ್ ಹಾಕಿದ.

"ನೀವೆಲ್ಲಿ ಮಕ್ಕೋತೀರಿ?" ಎಂದಿತು ಭವಾನಿಯ ಧ್ವನಿ ಅಂಗಡಿಯ ತುಂಬ. "ಒಂದೀಟ ಮಗ್ಗಲಾ ಹೊರಳ್ತೀರಿ, ಒಂದೀಟ ಅಂಗಾತ ಬಿದ್ದು ಫ್ಯಾನ್ ನೋಡ್ತೀರಿ, ಆಮ್ಯಾಲ ಬೋರಲ ಬಿದ್ದು ಮಾರಿ ಮುಚ್ಕೊಂಡು ಅಳ್ತೀರಿ."

ಮಗಳ ಮದುವೆಗೆ ಗಾದಿ ನೋಡಲು ಬಂದಿದ್ದ ಒಂದು ಕುಟುಂಬ ಅತ್ತ ತಿರುಗಿ ನಗು ನುಂಗಿಕೊಂಡಿತು. ಧಮ್ಮಪಾಲ ಮಾತ್ರ ವೈದ್ಯನ ಗಾಂಭೀರ್ಯ ಬಿಡಲಿಲ್ಲ. ನಡು ಎತ್ತರದ ನಮೂನೆ ದಿಂಬೊಂದನ್ನು ಮಂಚದ ಮೇಲಿಟ್ಟು, ತಲೆ ಇಟ್ಟು ನೋಡಿ ಎಂದ. ಭೀಮಶಾ ತಲೆ ಇಟ್ಟ. ತಲೆಯ ಭಾರ ಹೋದದ್ದು, ಕುತ್ತಿಗೆಯ ಕೆಳಗೆ ಯಾರೋ ಅಂಗೈ ಕೊಟ್ಟಂತಾದದ್ದು, ಕೆನ್ನೆಗೆ ತಣ್ಣಗೆ ಹತ್ತಿದ್ದು, ಇಷ್ಟೇ ಅವನಿಗೆ ನೆನಪು. ಮತ್ತೆ ಕಣ್ಣು ಬಿಟ್ಟಾಗ ಗಾದಿಯ ಕುಟುಂಬ ಹೊರಟುಹೋಗಿತ್ತು, ಧಮ್ಮಪಾಲ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಭೀಮಶಾನ ಕಣ್ಣಲ್ಲಿ ನೀರು ಬಂತು. ಭೂಮಿಯ ಮೇಲೆ ನಿದ್ದೆಯೆಂಬುದು ಇದೆ ಎಂದು ಅವನಿಗೆ ಆವತ್ತು ಖಾತ್ರಿಯಾಯಿತು.

ಹೊಸ ದಿಂಬನ್ನು ಚೀಲಕ್ಕೆ ಹಾಕಿಕೊಡುತ್ತ ಧಮ್ಮಪಾಲ ಹೇಳಿದ: "ಬಿಸಲಾಗ ಇಡಬ್ಯಾಡ್ರಿ. ಎಣ್ಣಿ ಹತ್ತಬಾರ್ದು. ಬೆಂಕಿ ಸನೇಕ ಒಯ್ಯಬ್ಯಾಡ್ರಿ. ಹೊಸಾದು ಜರಾ ವಾಸನಿ ಬರ್ತದ, ಒಂದ್ ದಿನ ನೆರಳಾಗ ಗಾಳಿಗಿಟ್ಟು ಆಮ್ಯಾಲ ತೆಲಿ ಇಡ್ರಿ."

ಬೇರೆ ಯಾರಾದರೂ ಆಗಿದ್ದರೆ ಬಸ್ಸಿನಲ್ಲೇ ಚೀಲ ಹರಿದು ತಲೆ ಇಡುತ್ತಿದ್ದರು. ಭೀಮಶಾ ಹೇಳಿದ ಮಾತು ಕೇಳುವ ಮನುಷ್ಯ. ಇಂಥವರಿಗೆ ದೇವರು ಯಾವತ್ತೂ ಒಳ್ಳೆಯದು ಮಾಡಿದ್ದಿಲ್ಲ.

ಮನೆಗೆ ಬಂದವನೇ ಒಳಕೋಣೆಯ ಈಶಾನ್ಯ ಮೂಲೆಯಲ್ಲಿ, ತಂಪಾದ ಕಲ್ಲುಚಪ್ಪಡಿಯ ಮೇಲೆ ದಿಂಬನ್ನಿಟ್ಟ. ಭವಾನಿ ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದಳು. ಭೀಮಶಾ ದಿಂಬಿನ ಮುಂದೆ ಕೂತು, ನಾಳೆ ಈ ಹೊತ್ತಿಗೆ ತಾನು ಎಲ್ಲಿರುತ್ತೇನೆಂದು ಯೋಚಿಸಿ ಸುಖಪಡುತ್ತಿದ್ದ. ಅಷ್ಟರಲ್ಲಿ ಬಾಗಿಲ ಹೊರಗೆ ಒಂದು ಕೆಮ್ಮು ಕೇಳಿತು. ಆ ಕೆಮ್ಮಿನ ಹಿಂದೆ ಬಿದಿರಿನ ಕೋಲು ಊರಿದ ಸಪ್ಪಳ.

ಮಾವ ಬಂದಿದ್ದ.

ತನ್ನ ಕುರಿಯ ಕಂಬಳಿ ಇದ್ದ ಜಾಗದಲ್ಲಿ ರಬ್ಬರಿನ ದಿಂಬು ಕಂಡರೆ ಆ ಮುದುಕ ಕೋಲನ್ನು ನೆಲಕ್ಕೆ ಊರುವುದಿಲ್ಲ, ಬೇರೆ ಕಡೆ ಊರುತ್ತಾನೆ. ಭೀಮಶಾ ಗಡಿಬಿಡಿಯಲ್ಲಿ ಕಂಬಳಿ ಎಳೆದು ಮಡಿಸಿ ದಿಂಬಿನ ಮೇಲೆ ಹೊದಿಸಿಬಿಟ್ಟ. ಸುತ್ತಲೂ ತುದಿ ಒಳಗೆ ಸೇರಿಸಿದ. ಒಂದಿಷ್ಟೂ ಬಿಳಿ ಕಾಣದಂತಾಯಿತು.

ಅಮೋಘಸಿದ್ದ ಹೊಸ್ತಿಲು ದಾಟಿ, "ಅಳಿಯಂದಿರ, ಕಂಬಳಿ ಹೆಂಗದ?" ಎಂದು ಕೇಳುವುದಕ್ಕೆ ಬಾಯಿ ತೆರೆದವನು ಹಾಗೇ ನಿಂತ. ಕಲ್ಲಿನ ಮೇಲೆ, ಈಶಾನ್ಯದಲ್ಲಿ, ಕರಿ ಕಂಬಳಿ ಮಡಿಕೆ ಮಡಿಕೆಯಾಗಿ ಕೂತಿದೆ. ನಡುವೆ ಎದ್ದಿದೆ, ನಾಲ್ಕು ಕಡೆ ಇಳಿದಿದೆ. ಅದರ ಮುಂದೆ ಅಳಿಯ ಮೊಣಕಾಲೂರಿ ಕೂತಿದ್ದಾನೆ. ಕುರಿಗಾರರ ಮನೆಯಲ್ಲಿ ಕಂಬಳಿ ಹಾಗೆ ಕೂತರೆ ಅದು ಕಂಬಳಿಯಲ್ಲ, ಬೀರಪ್ಪ ದೇವರ ಗದ್ದುಗೆ. ಮುದುಕ ರುಮಾಲು ತೆಗೆದ, ಕೋಲು ಕೆಳಗಿಟ್ಟ, ಉದ್ದಕ್ಕೆ ಅಡ್ಡಬಿದ್ದ.

ಎದ್ದು, ಹಣೆಗೆ ಹತ್ತಿದ ಧೂಳನ್ನೂ ಒರೆಸದೆ ಅಳಿಯನನ್ನು ಕೇಳಿದ.

"ಬೀರಪ್ಪನ ಗದ್ದಿಗಿ ಹಾಕೀರೇನು?"

ಭೀಮಶಾ ಇಲ್ಲವೆಂದು ತಲೆಯಾಡಿಸಲು ಹೋದ. ತನ್ನ ಇಡೀ ಶಕ್ತಿಯನ್ನು ಕುತ್ತಿಗೆಗೆ ತಂದ. ತಲೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಬಾಯಿಯಿಂದ ಹೇಳೋಣವೆಂದರೆ ನಾಲಿಗೆ ಒಣಗಿತ್ತು. ಅದು ತೇವವಾಗುವಷ್ಟರಲ್ಲಿ ಮಾವ ಅವನನ್ನು ತಬ್ಬಿಕೊಂಡಿದ್ದ.

"ಕುರಿ ಬಿಟ್ಟಾ, ಕುಲ ಬಿಟ್ಟಾ ಅಂತ ನಿನ್ನ ಬೈಕೋತ ಅಡ್ಡಾಡಿದೆನಲ್ಲೋ ಮಗನ. ಹೊಟ್ಟ್ಯಾಗ ಹಾಕ್ಕೋ."

ಭವಾನಿ ಮೀಟಿಂಗಿನಿಂದ ಬಂದಾಗ ಅಪ್ಪ ಫೋನಿನಲ್ಲಿ ಕೊಡಂಗಲ್ಲಿನ ಬೀಗರಿಗೆ ಸುದ್ದಿ ಮುಟ್ಟಿಸುತ್ತಿದ್ದ. ನಾರಾಯಣಖೇಡಕ್ಕೆ ಆಗಲೇ ಮುಟ್ಟಿತ್ತು. ಭೀಮಶಾ ಹೆಂಡತಿಯನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಈಗೇ ಹೋಗಿ ಹೇಳ್ತೀನಿ, ಅದು ತೆಲಿದಿಂಬ ಅಂತ," ಎಂದ ಭೀಮಶಾ.

"ಹೇಳ್ರಿ ನೋಡೋಣ," ಎಂದಳು ಭವಾನಿ. "ಮದಿವಿ ಆದಾಗಿಂದ ನಮ್ಮಪ್ಪ ನಿಮಗ ಮಗಾ ಅಂದಿದ್ದಿಲ್ಲ. ಈವತ್ತ ಅಂದಾನ. ತೆಲಿದಿಂಬಿಗಿ ಅಡ್ಡಬಿದ್ದೀನಂತ ತಿಳದ್ರ ಆ ಮನಷ್ಯಾ ಜಲ್ಮದಾಗ ಈ ಬಾಗಲಾ ತುಳಿಯಂಗಿಲ್ಲ. ಸುಮ್ನ ಇರ್ರಿ. ಎರಡ್ ದಿನ ಇದ್ದು ಹೋಗ್ತಾನ, ಆಮ್ಯಾಲ ತೆಗದು ಮಕ್ಕೋರಿ."

ಆದರೆ ಮುದುಕ ಎರಡು ದಿನಕ್ಕೆ ಹೋಗುವ ಲಕ್ಷಣ ಇರಲಿಲ್ಲ. ಊಟಕ್ಕೆ ಕೂತಾಗ ನಿಯಮಗಳನ್ನು ಹೇಳತೊಡಗಿದ. "ಗದ್ದಿಗಿ ಹಾಕಿದ ಮ್ಯಾಲ ಸುಮ್ನ ಎತ್ತಂಗಿಲ್ಲ. ಅಮಾಸಿ ದಿನ ನಮ್ಮೂರ ಗುಡಿಗಿ ಹೊತ್ಕೊಂಡು ಹೋಗಿ ಮುಟ್ಟಸ್ಬೇಕು. ಅಲ್ಲಿ ತನಕ ಯಜಮಾನ ಗದ್ದಿಗಿ ಮುಂದ ಬರೇ ನೆಲದ ಮ್ಯಾಲ ಮಕ್ಕೋಬೇಕು. ತೆಲಿ ಕೆಳಗ ಏನೂ ಇಡಬಾರ್ದು. ನಮ್ಮ ಮನಿತನದಾಗ ಹಂಗೇ ನಡದದ."

ಹೀಗೆ ಭೀಮಶಾ ತನ್ನ ದಿಂಬಿನಿಂದ ಒಂದು ಮೊಳ ದೂರದಲ್ಲಿ, ತಲೆಗೆ ಏನೂ ಇಲ್ಲದೆ ಮಲಗುವ ಗೃಹಸ್ಥನಾದ. ಕೈ ಚಾಚಿದರೆ ಸಿಗುತ್ತಿತ್ತು. ಚಾಚಿದಾಗಲೆಲ್ಲ ಆಚೆ ಮಗ್ಗುಲಿನಿಂದ ಮಾವನ ಕೆಮ್ಮು ಕೇಳುತ್ತಿತ್ತು.

ಮರುದಿನ ಪಕ್ಕದ ಮನೆಯ ಸಾಯಮ್ಮ ಎಣ್ಣೆ ದೀಪ ಹಿಡಿದುಕೊಂಡು ಬಂದಳು. ಗಲ್ಲಿಯಲ್ಲಿ ಸುದ್ದಿ ಹರಡುವುದಕ್ಕೆ ಸಾಯಮ್ಮ ಇರುವಾಗ ಬೇರೆ ಯಾವ ವ್ಯವಸ್ಥೆಯೂ ಬೇಕಾಗಿರಲಿಲ್ಲ. ಗದ್ದುಗೆಯ ಬುಡಕ್ಕೆ ದೀಪ ಇಟ್ಟು, ಲೋಬಾನ ಹಾಕಿ, ಎರಡೂ ಕೈ ಕಂಬಳಿಯ ಮೇಲೂರಿ ಹಣೆ ಹಚ್ಚಿದಳು. ಗದ್ದುಗೆ ತಗ್ಗಿತು. ಅವಳು ಬೆದರಿ ಕೈ ತೆಗೆದಳು. ಗದ್ದುಗೆ ಮೇಲೆದ್ದಿತು. ಒಳಗೆ ತೂತುಗಳಲ್ಲಿ ಸೇರಿದ್ದ ಲೋಬಾನದ ಹೊಗೆ ಕಂಬಳಿಯ ಸಂದಿಯಿಂದ ಮೆಲ್ಲಗೆ ಹೊರಗೆ ಬಂತು.

"ಯವ್ವಾ, ಉಸರ ಬಿಟ್ಟಾನ," ಎಂದಳು ಸಾಯಮ್ಮ ಪಿಸುಮಾತಿನಲ್ಲಿ. ಆ ಪಿಸುಮಾತು ಸಂಜೆಯ ಒಳಗೆ ಧಾರೂರಿಗೆ ಕೇಳಿಸಿತು.

ಆಮೇಲೆ ಮನೆ ಭೀಮಶಾನದಾಗಿ ಉಳಿಯಲಿಲ್ಲ. ಕಾಂಟಾದಿಂದ ಬಂದರೆ ಚಪ್ಪಲಿ ಬಿಡಲು ಜಾಗವಿಲ್ಲ. ಬಂದವರೆಲ್ಲ ಒತ್ತಿ ನೋಡುವವರೇ. ತಗ್ಗುತ್ತಿತ್ತು, ಏಳುತ್ತಿತ್ತು. ಮೂಗಿಗೆ ಹಾಲಿನಂಥ ವಾಸನೆ ಬರುತ್ತದೆಂದು ಒಬ್ಬರು ಹೇಳಿದರು. ಅದು ಕುರಿಯ ಹಾಲಿನ ವಾಸನೆಯೆಂದು ಅಮೋಘಸಿದ್ದ ತೀರ್ಪು ಕೊಟ್ಟ. ಹಣೆ ಇಟ್ಟರೆ ಯಾರೋ ಅಂಗೈ ಕೊಟ್ಟಂತೆ ಹಿತವಾಗುತ್ತದೆಂದು ತಿಳಿದ ಮೇಲಂತೂ ಜನ ಹಣೆ ಎತ್ತುವುದನ್ನೇ ಬಿಟ್ಟರು. ತಲೆನೋವಿನವರು ಬಂದರು, ಜ್ವರದ ಮಕ್ಕಳನ್ನು ತಂದರು. ಸಾಯಮ್ಮನ ಅತ್ತೆ ಹಣೆ ಇಟ್ಟವಳು ಅಲ್ಲೇ ಗೊರಕೆ ಹೊಡೆದಳು. ಅವಳಿಗೆ ಸಮಾಧಿ ಹತ್ತಿದೆಯೆಂದು ಯಾರೂ ಎಬ್ಬಿಸಲಿಲ್ಲ. ಊರಿನ ತಲೆಗಳೆಲ್ಲ ಆ ದಿಂಬಿನ ಮೇಲೆ ಬಿದ್ದೆದ್ದು ಹೋದವು. ಬಾಕಿ ಉಳಿದದ್ದು ಅದನ್ನು ತಂದವನ ತಲೆ ಒಂದೇ. ಅವನು ಗೋಡೆಗೆ ನಿಂತು, ಧಮ್ಮಪಾಲ ಬೇಡವೆಂದ ಎಣ್ಣೆ, ಬೇಡವೆಂದ ಬೆಂಕಿ, ಇವೆಲ್ಲ ಒಂದೊಂದಾಗಿ ದಿಂಬಿನ ಹತ್ತಿರ ಹೋಗುವುದನ್ನು ನೋಡುತ್ತಿದ್ದ. ಗಂಡಸು ನಾಲ್ಕು ಜನರ ಮುಂದೆ ಅಳಬಾರದು, ಅವನ ಕಣ್ಣೀರನ್ನು ಜನ ಭಕ್ತಿಯೆಂದು ತಿಳಿದದ್ದು ಒಂದು ಉಪಕಾರವೇ ಆಯಿತು.

ಆಗಬಾರದ್ದು ಆ ವಾರವೇ ಆಯಿತು. ಭೀಮಶಾ ಕಾಂಟಾದ ಮುಂದೆ ಮತ್ತೆ ಕಣ್ಣು ಮುಚ್ಚಿದ. ಈ ಸಲ ಹಣೆ ಸೊನ್ನೆಯ ಮೇಲೆ ಬಿತ್ತು. ಕಲ್ಲು ತುಂಬಿದ ಲಾರಿ ಚೀಟಿಯ ಪ್ರಕಾರ ಗಾಳಿಯಂತೆ ತೇಲಿಹೋಯಿತು. ಎಚ್ಚರಾದಾಗ ಶಿವರಾಜ ಅಲ್ಲಿರಲಿಲ್ಲ. ಸಂಜೆ ಮನೆಗೇ ಬಂದು ಮಾತಾಡುತ್ತಾನೆಂದು ಉಳಿದವರು ಹೇಳಿದರು. ಯಾವ ಮಾತೆಂದು ಭೀಮಶಾನಿಗೆ ತಿಳಿಯಿತು.

ಶಿವರಾಜ ಬಂದ. ಮನೆಯ ಮುಂದಿನ ಚಪ್ಪಲಿ ರಾಶಿ ನೋಡಿ, ಭೀಮಶಾ ತೀರಿಕೊಂಡನೋ ಏನೋ ಎಂದು ಗಾಬರಿಯಾಗಿ ಒಳಗೆ ಬಂದ. ವಿಷಯ ತಿಳಿದ ಮೇಲೆ, ಬಂದ ಕೆಲಸಕ್ಕೆ ಮುಂಚೆ ದೇವರಿಗೆ ಕೈ ಮುಗಿಯುವುದು ಒಳ್ಳೆಯದೆಂದು ಮೊಣಕಾಲೂರಿ ಹಣೆ ಇಟ್ಟ. ಲಾರಿ ಲೆಕ್ಕದಲ್ಲಿ ಅವನ ನಿದ್ದೆಯೂ ಕೆಟ್ಟಿತ್ತೆಂದು ಯಾರಿಗೆ ಗೊತ್ತಿತ್ತು? ಹಣೆ ಇಟ್ಟವನು ಏಳಲೇ ಇಲ್ಲ. ಭವಾನಿ ಚಹಾ ಮಾಡಿದಳು, ಅದು ಆರಿತು, ಮತ್ತೆ ಮಾಡಿದಳು. ಕಡೆಗೆ ಅವನು ಎದ್ದಾಗ ಕೆನ್ನೆಯ ಮೇಲೆ ಕಂಬಳಿಯ ಗೆರೆಗಳು ಮೂಡಿದ್ದವು, ಮುಖ ಎಳೆಯದಾಗಿತ್ತು.

"ಇಂಥಾ ದೇವರಿನ್ನ ಮನ್ಯಾಗ ಇಟ್ಕೊಂಡು ನನಗ ಹೇಳಿಲ್ಲಲ್ಲ ಭೀಮಶಾ," ಎಂದ ಶಿವರಾಜ. "ನಿನ್ನ ಕೆಲಸದ ಮಾತ ಅಮಾಸಿ ಆದ ಮ್ಯಾಲ ಮಾತಾಡಮು. ಗುಡಿಗಿ ನಾನೂ ಬರ್ತೀನಿ."

ಈಗ ಭೀಮಶಾನ ಸ್ಥಿತಿ ನೋಡಬೇಕು. ಅದು ದಿಂಬೆಂದು ಹೇಳಿದರೆ, ದಿಂಬಿಗೆ ಅಡ್ಡಬಿದ್ದ ಮ್ಯಾನೇಜರು ಕೆಲಸದಿಂದ ತೆಗೆಯುತ್ತಾನೆ, ಮಾವ ಮಗನ ಸ್ಥಾನದಿಂದ ತೆಗೆಯುತ್ತಾನೆ. ಹೇಳದಿದ್ದರೆ ನಿದ್ದೆಯಿಲ್ಲ. ನಿದ್ದೆಯಿಲ್ಲದಿದ್ದರೆ ಕಾಂಟಾದ ಮುಂದೆ ಕಣ್ಣು ಮುಚ್ಚುತ್ತದೆ, ಆಗಲೂ ಕೆಲಸ ಹೋಗುತ್ತದೆ. ಯಾವ ಕಡೆ ತಿರುಗಿದರೂ ಕೆಟ್ಟೆನೆಂದು ಅವನು ಯೋಚಿಸಿದ. ತಿರುಗಲು ಕುತ್ತಿಗೆಯೂ ಇರಲಿಲ್ಲ.

ಅಮಾವಾಸ್ಯೆ ಬಂತು. ಒಂದು ಟೆಂಪೋ ತುಂಬ ಜನ ನಾರಾಯಣಖೇಡದ ಕಡೆ ಹೊರಟರು. ಊರ ಹೊರಗೆ ಟೆಂಪೋ ನಿಲ್ಲಿಸಿ, ಅಲ್ಲಿಂದ ಗುಡಿಯ ತನಕ ಯಜಮಾನ ಗದ್ದುಗೆಯನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ನಡೆಯಬೇಕೆಂದು ಮಾವ ಹೇಳಿದ. ಕಲ್ಲುಚಪ್ಪಡಿ ಸಮೇತ ಎತ್ತಿ ಭೀಮಶಾನ ತಲೆಯ ಮೇಲಿಟ್ಟರು. ದಿಂಬೂ ತಲೆಯೂ ಕೊನೆಗೂ ಕೂಡಿದವು. ಆದರೆ ತಲೆ ಕೆಳಗಿತ್ತು, ದಿಂಬು ಮೇಲಿತ್ತು, ನಡುವೆ ತಾಂಡೂರಿನ ಕಲ್ಲಿತ್ತು.

ಡೊಳ್ಳು ಶುರುವಾಯಿತು. ಅರಿಸಿನದ ಭಂಡಾರ ಹಾರಿತು. ಬಿಸಿಲಿನಲ್ಲಿ ಭೀಮಶಾ ನಡೆದ. ಹಳ್ಳದ ಹತ್ತಿರ ಕಾಲು ಜಾರಿ ಕಲ್ಲು ಒಮ್ಮೆ ಕುಕ್ಕಿದಾಗ ಅವನ ಕುತ್ತಿಗೆಯಲ್ಲಿ ಲಟಕ್ಕೆಂದು ಸದ್ದಾಯಿತು. ಮುರಿಯಿತೆಂದೇ ತಿಳಿದ. ಮುರಿದಿರಲಿಲ್ಲ, ಬಿಟ್ಟಿತ್ತು.

ಗುಡಿಯ ಮುಂದೆ ಗದ್ದುಗೆ ಇಳಿಸಿದರು. ಪೂಜಾರಿ ಭಂಡಾರದ ಬಟ್ಟಲು ಹಿಡಿದು ಕೇಳಿದ: "ಭೀಮಶಾ, ಈ ಗದ್ದಿಗಿ ಗುಡಿಗಿ ಬಿಡ್ತಿ ಹೌದಿಲ್ಲೋ?"

ಭೀಮಶಾ ಕಂಬಳಿಯ ಉಬ್ಬನ್ನು ನೋಡಿದ. ಜಹೀರಾಬಾದಿನ ಮಂಚ ನೆನಪಾಯಿತು. ಸಾಕಾಗಿತ್ತು. ಮಾವನೂ ಬೇಡ, ಕಾಂಟಾವೂ ಬೇಡ ಅನ್ನಿಸಿತು. ಇಲ್ಲವೆಂದು ತಲೆಯಾಡಿಸಿದ. ತಲೆ ಎಡಕ್ಕೆ ಹೋಯಿತು, ಬಲಕ್ಕೂ ಬಂತು. ಅವನಿಗೇ ಆಶ್ಚರ್ಯವಾಗಿ ಇನ್ನೂ ಜೋರಾಗಿ ಆಡಿಸಿದ.

"ಮೈಮ್ಯಾಲ ಬಂತು," ಎಂದ ಅಮೋಘಸಿದ್ದ. "ಬೀರಪ್ಪ ಬಂದ. ಡೊಳ್ಳು ಬಾರಸ್ರಿ."

ಭೀಮಶಾ "ಇಲ್ರಿ, ಇಲ್ರಿ," ಎಂದ. ಡೊಳ್ಳಿನಲ್ಲಿ ಯಾರಿಗೂ ಕೇಳಲಿಲ್ಲ. ಅವನು ತಲೆ ಆಡಿಸಿದಷ್ಟೂ ಡೊಳ್ಳು ಏರಿತು, ಡೊಳ್ಳು ಏರಿದಷ್ಟೂ ಅವನು ಆಡಿಸಿದ. ಮುಖದ ತುಂಬ ಭಂಡಾರ ಬಿತ್ತು. ಸಾಯಮ್ಮ ನಿಂತಲ್ಲೇ ಅಡ್ಡಬಿದ್ದಳು. ಕಡೆಗೆ ಮಾವ ಕೈ ಎತ್ತಿ ಡೊಳ್ಳು ನಿಲ್ಲಿಸಿ, ಅಳಿಯನ ಮುಂದೆ ಕೈ ಮುಗಿದ.

"ಏನ್ ಬೇಕೋ ತಂದಿ? ಕೇಳು. ಕೊಡ್ತೀವಿ."

ಭೀಮಶಾನನ್ನು ಅವನ ಜೀವಮಾನದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವನಿಗೆ ಅಳು ಒತ್ತರಿಸಿಕೊಂಡು ಬಂತು.

"ನಿದ್ದಿ ಬೇಕು," ಎಂದ. "ಮಕ್ಕೋಬೇಕು. ಯಾರೂ ಎಬ್ಬಸಬ್ಯಾಡ್ರಿ."

ಹೇಳಿ ಹಾಗೇ ದಿಂಬಿನ ಕಡೆಗೆ ಬಾಗಿದ. ಹಣೆ ಕಂಬಳಿಗೆ ನಾಲ್ಕು ಬೆರಳಷ್ಟು ದೂರವಿತ್ತು. ಮೈದುಂಬಿದವರು ಗದ್ದುಗೆಯ ಮೇಲೆ ಬೀಳಬಾರದೆಂದು ಇಬ್ಬರು ಅವನ ರಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿದರು.

ಹಿರಿಯರು ಬೇವಿನ ಗಿಡದ ಕೆಳಗೆ ಕೂತು ದೇವರ ಮಾತಿಗೆ ಅರ್ಥ ತೆಗೆದರು. ಅರ್ಥ ಸರಳವಾಗಿಯೇ ಇತ್ತು. ದೇವರು ನಿದ್ದೆ ಕೇಳಿದ್ದಾನೆ. ಗದ್ದುಗೆಯನ್ನು ಗರ್ಭಗುಡಿಯ ಕತ್ತಲಲ್ಲಿಟ್ಟು ಬಾಗಿಲು ಹಾಕಬೇಕು, ಇನ್ನು ಯಾರೂ ಮುಟ್ಟಬಾರದು, ಒತ್ತಬಾರದು. ದೇವರು ಮಲಗಿರುವಾಗ ಕಾವಲಿಗೆ ಒಬ್ಬರು ಎಚ್ಚರ ಇರಬೇಕಲ್ಲ? ಪ್ರತಿ ಅಮಾವಾಸ್ಯೆ ಬಾಗಿಲ ಮುಂದೆ ಕಣ್ಣು ಮುಚ್ಚದೆ ಕೂಡುವ ಭಾಗ್ಯ ಯಜಮಾನನದೇ ಎಂದು ಅಮೋಘಸಿದ್ದ ಹೇಳಿದ. ಹೇಳಿ, ತನ್ನ ಹೆಗಲ ಮೇಲಿದ್ದ ಹೊಸ ಕಂಬಳಿ ತೆಗೆದು ಅಳಿಯನಿಗೆ ಹೊದಿಸಿದ. ಆ ಮುದುಕನ ಕಣ್ಣಿನಲ್ಲಿದ್ದ ಪ್ರೀತಿ ಕಂಡು ಭೀಮಶಾನ ಬಾಯಿ ಪೂರಾ ಕಟ್ಟಿಹೋಯಿತು.

ಶಿವರಾಜ ಮುಂದೆ ಬಂದು ಅವನ ಭುಜ ತಟ್ಟಿದ. "ನಿನ್ನ ಕೆಲಸಾ ಎಲ್ಲೂ ಹೋಗಂಗಿಲ್ಲ. ದೇವರಿನ್ನ ಕಾಯಾಕ ಎದ್ದಿರೋ ಮನಷ್ಯಾ ಕಾಂಟಾ ಕಾಯಂಗಿಲ್ಲೇನು? ನಾಳಿಂದ ನಿನಗ ಕಾಯಂ ರಾತ್ರಿ ಪಾಳಿ."

ಈಗ ಭೀಮಶಾ ಹಗಲಿಗೆ ಮಲಗುತ್ತಾನೆ. ಅಂದರೆ ಮಲಗಬೇಕು. ಹೊಸ ಕಂಬಳಿಯ ಹೊಸ ಉಣ್ಣೆ ಹಳೆಯದಕ್ಕಿಂತ ಜೋರಾಗಿ ಚುಚ್ಚುತ್ತದೆ. ತಾಂಡೂರಿನ ಬಿಸಿಲು ತಗಡಿನ ಮೇಲೆ ಸುರಿಯುತ್ತಿರುತ್ತದೆ. ದೇವರು ಕೂತೆದ್ದ ಮೂಲೆಯೆಂದು ಜನ ಈಗಲೂ ದೀಪ ಹಚ್ಚಲು ಬರುತ್ತಾರೆ, ಎಲ್ಲರಿಗಿಂತ ಮುಂಚೆ ಸ್ಥಳದ ಮೇಲ್ವಿಚಾರಕಿಯಾಗಿ ಸಾಯಮ್ಮ. ಅವಳು ಭಂಡಾರದ ಬಟ್ಟಲು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿರುತ್ತಾಳೆ. ಭೀಮಶಾ ಹೊರಳಿದರೆ ಮತ್ತೆ ದೇವರು ಮೈಮೇಲೆ ಬಂದನೆಂದು ಬಟ್ಟಲಿಗೆ ಕೈ ಹಾಕುತ್ತಾಳೆ.

ಮೊನ್ನೆ ಮಧ್ಯಾಹ್ನ ಭವಾನಿ ಚಹಾ ತಂದಿಟ್ಟು, ಮೆಲ್ಲಗೆ ಕೇಳಿದಳು: "ಏನ್ರೀ, ಒಂದ್ ಗಳಿಗ್ಯಾರ ನಿದ್ದಿ ಹತ್ತಿತೇನು?"

ಭೀಮಶಾನ ಕುತ್ತಿಗೆ ಈಗ ಎರಡೂ ಕಡೆ ಸಲೀಸಾಗಿ ತಿರುಗುತ್ತದೆ. ಅವನು ಬಾಗಿಲ ಕಡೆ ನೋಡಿದ. ಸಾಯಮ್ಮ ಇತ್ತಲೇ ನೋಡುತ್ತಿದ್ದಳು. ಭೀಮಶಾ ಬಹಳ ಜಾಗರೂಕತೆಯಿಂದ ತಲೆಯನ್ನು ಮೇಲಕ್ಕೆತ್ತಿ ಕೆಳಕ್ಕಿಳಿಸಿದ.